ಬಾಟಲಿಯ ಮೇಲಿನ ಗೆರೆ

ಭಾವನ ಕೈಯಲ್ಲಿ ತನ್ನ ನೋಟ್‌ಬುಕ್ ಕಂಡದ್ದೇ ತಡ, ಕನ್ನಡಿ ಒದ್ದೆ ಮುಖದಲ್ಲೇ ಬಾಗಿಲಲ್ಲಿ ನಿಂತುಬಿಟ್ಟ.

ಕನ್ನಡಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಪಾಲಿಶ್ ಹಾಕಿದ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದೆಂದು ಬಡಗಿಗಳು ಇಟ್ಟ ಅಡ್ಡಹೆಸರು. ಕೆಲಸ ಅಂಥದ್ದು. ಕುಡಿತವೂ ಅಂಥದ್ದೇ ಇತ್ತು. ಆರು ವರ್ಷ ಕುಡಿದು, ಅಕ್ಕನ ಮನೆಯ ಬಾಗಿಲನ್ನು ಎರಡು ಸಲ ಒದ್ದು ಮುರಿದು, ಕೊನೆಗೆ ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿದ್ದ. ಬಿಟ್ಟು ಇವತ್ತಿಗೆ ಅರವತ್ಮೂರು ದಿನ. ಈಗ ಭಾವನ ಮರಗೆಲಸದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ, ಅದರ ಮೇಲಿನ ಅಟ್ಟದಲ್ಲಿ ವಾಸ. ಅಕ್ಕ ಗಂಡನಿಗೆ ದುಂಬಾಲು ಬಿದ್ದು ಕೊಡಿಸಿದ ಜಾಗ. ಷರತ್ತು ಒಂದೇ: ಒಂದು ಗುಟುಕು ಇಳಿದರೂ ಅವತ್ತೇ ಹೊರಗೆ.

ಆದರೆ ಅವನ ಕೆಲಸವೇ ಸ್ಪಿರಿಟ್ಟಿನದು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯುಂಡೆಯಲ್ಲಿ ಅದ್ದಿ, ಮರಕ್ಕೆ ನೂರು ಸಲ ತಿಕ್ಕಬೇಕು. ಕುಡಿದರೆ ಕಣ್ಣು ಹೋಗುವ ವಿಷ ಅದು. ಹಾಗಂತ ಗೊತ್ತಿದ್ದೂ ಕುಡಿದವರನ್ನು ಅವನು ಕಂಡಿದ್ದ. ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗಾಯಿತೆಂದು ಬಡಗಿಗಳು ನಕ್ಕಿದ್ದರು. ಭಾವ ನಗಲಿಲ್ಲ. ದಿನಾ ಸಂಜೆ ಅಂಗಡಿ ಮುಚ್ಚುವಾಗ ಗಾಜಿನ ಬಾಟಲಿಯನ್ನು ಬೆಳಕಿಗೆ ಹಿಡಿದು, ಸ್ಪಿರಿಟ್ಟು ಎಲ್ಲಿಯವರೆಗಿದೆಯೋ ಅಲ್ಲಿಗೆ ಕೆಂಪು ಮಾರ್ಕರಿನಿಂದ ಒಂದು ಗೆರೆ ಎಳೆಯುತ್ತಿದ್ದ. ಬಾಟಲಿಯಿಡುವ ಬೀರುವಿಗೆ ಬೀಗ ಮಾತ್ರ ಹಾಕುತ್ತಿರಲಿಲ್ಲ. ಕೇಳಿದರೆ, “ಬೀಗ ಹಾಕಿದ್ರೆ ನಿನ್ನ ನಂಬಿಲ್ಲ ಅಂತ ಆಗುತ್ತೆ” ಎನ್ನುತ್ತಿದ್ದ. ಗೆರೆ ಎಳೆದರೆ ನಂಬಿದ ಹಾಗಂತೆ! ಆ ಗೆರೆ ಕಂಡಾಗಲೆಲ್ಲ ಕನ್ನಡಿಗೆ ಮೈಯೆಲ್ಲ ಉರಿಯುತ್ತಿತ್ತು.

ನೋಟ್‌ಬುಕ್ ಕೊಟ್ಟವರು ಕೇಂದ್ರದ ಮೇಷ್ಟ್ರು. ಅವರೂ ಒಂದು ಕಾಲದಲ್ಲಿ ಕುಡಿದು ಚರಂಡಿಯಲ್ಲಿ ಮಲಗಿದವರೇ. “ಬೆಳಗ್ಗೆ ಐದು ನಿಮಿಷ ಸುಮ್ನೆ ಕೂತು ಉಸಿರು ಎಣಿಸು. ಆಮೇಲೆ ನಿನ್ನೆಯದು ಒಂದೇ ಒಂದು ಸಾಲು ಬರಿ. ನಿಜ ಬರಿ, ಇಲ್ಲಾ ಬರಿಲೇಬೇಡ” ಎಂದಿದ್ದರು. ಇವತ್ತು ಬೆಳಗ್ಗೆಯೂ ಅವನು ಕೆಲಸದ ಕೋಣೆಯ ಕಿಟಕಿಯ ಪಕ್ಕ ಖಾಲಿ ಪೆಟ್ಟಿಗೆಯ ಮೇಲೆ ಕೂತು, ಎಣಿಸಿ, ಬರೆದು, ಪುಸ್ತಕವನ್ನು ಅಲ್ಲೇ ಬಿಟ್ಟು ಮುಖ ತೊಳೆಯಲು ಹೋಗಿದ್ದ. ಅಷ್ಟರಲ್ಲಿ ಭಾವ ಬಂದು ಬೀರುವಿನಿಂದ ಬಾಟಲಿ ತೆಗೆದು ನೋಡಿದ್ದ. ಸ್ಪಿರಿಟ್ಟು ಗೆರೆಯಿಂದ ಎರಡು ಬೆರಳು ಕೆಳಗಿತ್ತು.

“ಓದು” ಎಂದ ಭಾವ.

“ಅದು ನಂದು ಭಾವ. ಕೊಡಿ.”

“ನಿಂದೇ ಅಂತ ಗೊತ್ತಾಯ್ತು. ಅಕ್ಷರ ನೋಡಿದ್ರೆ ಕೋಳಿ ಕೆರೆದಂಗಿದೆ. ಓದು ಅಂದೆ!”

ಸದ್ದು ಕೇಳಿ ಅಕ್ಕ ಚಹಾದ ಲೋಟ ಹಿಡಿದುಕೊಂಡೇ ಒಳಗೆ ಬಂದಳು. “ಏನ್ರೀ ಇದು, ಬೆಳಗ್ಗೆ ಬೆಳಗ್ಗೆ?”

“ಬಾ, ನಿನ್ನ ತಮ್ಮ ಪುರಾಣ ಬರ್ದಿದಾನೆ, ಕೇಳು. ‘ನಿನ್ನೆ ಸಂಜೆ ಸ್ಪಿರಿಟ್ಟನ್ನು ಲೋಟಕ್ಕೆ ಸುರಿದೆ.’ ಸಾಕಾ, ಇನ್ನೊಂದ್ಸಲ ಓದ್ಲಾ?”

ಅಕ್ಕ ಬಾಟಲಿಯ ಗೆರೆಯನ್ನೂ ಅದರ ಕೆಳಗಿಳಿದಿದ್ದ ಸ್ಪಿರಿಟ್ಟನ್ನೂ ನೋಡಿದಳು. “ಮುಚ್ಚಳ ಸಡಿಲ ಇತ್ತೇನೋ ಕಣ್ರೀ. ಸ್ಪಿರಿಟ್ಟು ಹಾಗೇ ಆರಿಹೋಗುತ್ತೆ ಅಂತ ನೀವೇ ಹೇಳ್ತೀರಲ್ಲ...”

“ಆರಿಹೋಗಿದ್ದು ಸ್ಪಿರಿಟ್ಟಲ್ಲ, ನಿನ್ನ ಬುದ್ಧಿ. ಅವನೇ ಬರ್ದಿದಾನೆ, ನೀನು ಅದಕ್ಕೆ ಮುಚ್ಚಳ ಹಾಕ್ತಿದ್ದೀಯ!”

ಅಕ್ಕ ತಮ್ಮನ ಕಡೆ ತಿರುಗಿದಳು. “ಕುಡಿದ್ಯೇನೋ?”

“ಇಲ್ಲಕ್ಕ.”

“ಮತ್ತೆ ಎಲ್ಲಿ ಹೋಯ್ತು? ಹೇಳೋ, ನನ್ನಪ್ಪ, ಎಲ್ಲಿ ಹೋಯ್ತು?”

ಎಲ್ಲಿ ಹೋಯಿತೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಒಂದು ಕಷ್ಟ, ಹೇಳದಿದ್ದರೆ ಇನ್ನೊಂದು.

ನಿನ್ನೆ ಎಲ್ಲರೂ ಹೋದ ಮೇಲೆ ಕೈ ತಾನಾಗಿ ಬಾಟಲಿಗೆ ಹೋಗಿತ್ತು. ಸುರಿದಿದ್ದ. ಲೋಟ ಬಾಯಿಗೂ ಬಂದಿತ್ತು. ತುಟಿ ಚುರ್ ಎಂದಾಗ ಉಸಿರು ಎಣಿಸಬೇಕೆಂಬುದು ನೆನಪಾಯಿತು. ಒಂದು, ಎರಡು, ಮೂರು. ನಾಲ್ಕು ಎನ್ನುವುದರೊಳಗೆ ಲೋಟದಲ್ಲಿದ್ದದ್ದನ್ನು ದೂರಕ್ಕೆ ಎರಚಿಬಿಟ್ಟಿದ್ದ. ಬಿದ್ದದ್ದು ವಕೀಲರ ಎಂಟು ಕುರ್ಚಿಯ ಊಟದ ಮೇಜಿನ ಮೇಲೆ. ಮೂರು ವಾರ ತಿಕ್ಕಿ ತಂದ ಹೊಳಪು ಅವನ ಕಣ್ಣೆದುರೇ ಕರಗಿ ಕಲೆಯಾಯಿತು. ಸ್ಪಿರಿಟ್ಟಿಗೆ ಅರಗನ್ನು ಕರಗಿಸುವುದೂ ಗೊತ್ತು, ಒಣಗಿ ಹೊಳೆಯುವ ಅರಗನ್ನು ಮತ್ತೆ ಕರಗಿಸಿ ಹಾಳುಮಾಡುವುದೂ ಗೊತ್ತು. ನಾಚಿಕೆಯಿಂದ ಹಳೇ ದುಪ್ಪಟಿ ಹೊದಿಸಿದ್ದ. ಇವತ್ತು ಹನ್ನೆರಡು ಗಂಟೆಗೆ ಆ ಮೇಜು ಒಯ್ಯಲು ಟೆಂಪೋ ಬರಬೇಕು.

“ಬಾಯಿ ಬಿಡಲ್ಲ ನೋಡು” ಎಂದ ಭಾವ. “ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ವಿ ನಾವು. ಹೋಗು, ಬಟ್ಟೆ ಕಟ್ಕೋ.”

ಕನ್ನಡಿ ಬಟ್ಟೆ ಕಟ್ಟಲು ಹೋಗಲಿಲ್ಲ. ಅರವತ್ಮೂರು ದಿನ! ಈಚಲ ಮರದ ಕೆಳಗೆ ಕೂತವನು ಮಜ್ಜಿಗೆ ಕುಡಿದರೂ ಹೆಂಡವೇ. ಕುಡುಕ ಅಂದದ್ದಂತೂ ಆಯಿತು, ಇನ್ನು ಕುಡಿದುಬಿಟ್ಟರೆ ಲೆಕ್ಕ ಚುಕ್ತಾ. ಬಾಟಲಿ ಒಂದು ಮೊಳ ದೂರದಲ್ಲಿತ್ತು. ಕೈ ಚಾಚಿ ಹಿಡಿದೇಬಿಟ್ಟ. ಅಕ್ಕ ಚೀರಿದಳು. ಲೋಟ ಬಿದ್ದು ಚಹಾ ನೆಲದ ಮೇಲೆ ಹರಿಯಿತು. ಭಾವ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತ.

ಕುಡಿಯಲು ಕಾರಣ ಸಿಕ್ಕಿತೆಂದು ಒಳಗೊಬ್ಬ ಚಪ್ಪಾಳೆ ತಟ್ಟುತ್ತಾನೆ, ಅವನನ್ನು ಸುಮ್ಮನೆ ನೋಡು, ಮಾತಿಗೆ ಮಾತ್ರ ಇಳಿಯಬೇಡ ಎಂದಿದ್ದರು ಮೇಷ್ಟ್ರು. ಕನ್ನಡಿ ನೋಡಿದ. ಹೌದು, ತಟ್ಟುತ್ತಿದ್ದ, ಸೂಳೆಮಗ, ಎರಡೂ ಕೈಯಲ್ಲಿ ತಟ್ಟುತ್ತಿದ್ದ. ಒಂದು. ಬಾಟಲಿಯ ಗಾಜು ಅಂಗೈಗೆ ತಣ್ಣಗಿತ್ತು. ಎರಡು. ಭಾವನ ಜೇಬಿನಲ್ಲಿ ಮಾರ್ಕರ್ ಇತ್ತು. ಮೂರು. ಅಕ್ಕನ ಕಾಲಬೆರಳ ಸಂದಿಯಲ್ಲಿ ಚಹಾ. ಬಿಸಿಯಿರಬೇಕು, ಅವಳು ಕದಲಲಿಲ್ಲ. ನಾಲ್ಕು. ಐದು.

ಏಳಕ್ಕೆ ಅವನು ಬಾಟಲಿಯನ್ನು ಕೆಳಗಿಟ್ಟು ದುಪ್ಪಟಿ ಎಳೆದುಹಾಕಿದ.

ಮೇಜಿನ ನಟ್ಟನಡುವೆ ಮೊರದಗಲದ ಕಲೆ, ಹುಣ್ಣು ಕೆರೆದ ಹಾಗೆ. ಭಾವನೂ ಮರದಲ್ಲೇ ಕೈ ಸವೆಸಿದವನು. ನೋಟ್‌ಬುಕ್ಕನ್ನು ಪೆಟ್ಟಿಗೆಯ ಮೇಲೆ ಹಾಕಿ, ಕಲೆಗೆ ಬೆರಳಿಟ್ಟು ನೋಡಿದ. ಅಂಟಿಕೊಂಡಿತು.

“ಸುರಿದಿದ್ದು ನಿಜ. ತುಟಿಗೆ ತಾಗಿದ್ದೂ ನಿಜ. ಒಳಗೆ ಹೋಗ್ಲಿಲ್ಲ, ಇಲ್ಲಿಗೆ ಹೋಯ್ತು” ಎಂದ ಕನ್ನಡಿ.

ಭಾವ ಅಂಟಾದ ಬೆರಳನ್ನು ಅಂಗಿಗೆ ಒರೆಸಿಕೊಂಡ. “ಕುಡಿದಿದ್ರೇ ವಾಸಿಯಿತ್ತಲ್ಲೋ. ನಿನ್ನ ಹೊಟ್ಟೆ ಮಾತ್ರ ಹಾಳಾಗ್ತಿತ್ತು.”

“ನಾಲಿಗೆಗೆ ಮೂಳೆ ಇಲ್ಲ ಅಂತ ಏನು ಬೇಕಾದ್ರೂ ಆಡ್ತೀರಾ?” ಅಕ್ಕ ಎರಗಿದಳು. “ಹಾಳಾಗಿದ್ದು ಮರ ತಾನೇ? ತಿಕ್ಕಿದ್ರೆ ಬರುತ್ತೆ. ನನ್ನ ತಮ್ಮನನ್ನ ತಿಕ್ಕಿದ್ರೆ ಬರ್ತಿದ್ನಾ?”

ಭಾವ ಫೋನು ತೆಗೆದ. “ವಕೀಲ್ರೇ, ಟೆಂಪೋ ಕಳಿಸ್ಬೇಡಿ. ಇನ್ನು ಮೂರು ದಿನ ಆಗುತ್ತೆ... ತಪ್ಪು ನಮ್ದೇ ಸಾರ್, ಮೇಲೆ ಸ್ಪಿರಿಟ್ಟು ಚೆಲ್ಲಿತು.” ಯಾರು ಚೆಲ್ಲಿದರೆಂದು ಹೇಳಲಿಲ್ಲ. ಫೋನು ಜೇಬಿಗಿಳಿಸಿ, ಬಾಗಿಲಿಗೆ ಹೋಗಿ ತಿರುಗಿ ನಿಂತ. “ಕೆಲ್ಸ ಶುರುಮಾಡು. ಇನ್ಮೇಲೆ ಗೆರೆಗಿರೆ ಏನೂ ಬೇಡ.”

ಇಲ್ಲಿಗೆ ಬಂದ ದಿನದಿಂದ ಬೇಕೆಂದು ಕಾದಿದ್ದ ಮಾತು ಅದು. ಕೇಳಿದೊಡನೆ ಕಣ್ಣು ಬಾಟಲಿಯ ಕಡೆ ಹೋಯಿತು. ಮೂರು ದಿನ, ಒಬ್ಬನೇ, ಗೆರೆಯಿಲ್ಲದ ಬಾಟಲಿ. ಒಳಗಿನವನು ಮತ್ತೆ ಚಪ್ಪಾಳೆಗೆ ಕೈ ಎತ್ತಿದ್ದ.

“ಭಾವ, ಗೆರೆ ಎಳೀರಿ.”

“ಬೇಡ ಬಿಡೋ ಅಂದ್ನಲ್ಲ.”

“ಎಳೀರಿ ಅಂದೆ! ಸಂಜೆ ಒಂದು ಸಾಲದು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು.” ಪೆಟ್ಟಿಗೆಯ ಮೇಲಿದ್ದ ನೋಟ್‌ಬುಕ್ಕನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ. “ಇದನ್ನ ಮಾತ್ರ ಇನ್ನೊಂದ್ಸಲ ಮುಟ್ಟಿದ್ರೆ ಚೆನ್ನಾಗಿರಲ್ಲ.”

ಭಾವ ಜೇಬಿನಿಂದ ಮಾರ್ಕರ್ ತೆಗೆದ. ಆಮೇಲೆ ಬಂದು, ಬಾಟಲಿಯನ್ನು ಕಿಟಕಿಗೆ ಹಿಡಿದು, ಹಳೇ ಗೆರೆಯ ಎರಡು ಬೆರಳು ಕೆಳಗೆ ಹೊಸ ಗೆರೆ ಎಳೆದು ಹೋದ. ಅಕ್ಕ ನೆಲ ಒರೆಸಿ ಹೋದಳು. ಬಾಗಿಲು ಮಾತ್ರ ತೆರೆದೇ ಬಿಟ್ಟಳು.

ಕನ್ನಡಿ ಬಟ್ಟೆಯುಂಡೆಯನ್ನು ಎಡಗೈಗೆ ತೆಗೆದುಕೊಂಡು ಮುಚ್ಚಳ ತಿರುಗಿಸಿದ. ವಾಸನೆ ಘಮ್ಮೆಂದು ಮುಖಕ್ಕೆ ಹೊಡೆಯಿತು.

ಒಂದು, ಎಂದ.