ಸತ್ತವರ ಮಡಿಕೆ

"ಮೇಷ್ಟ್ರೇ, ಗೆದ್ಬಿಟ್ರಿ!" ಬೂಟು ಬಿಚ್ಚುವ ಮೊದಲೇ ಶಿಬಾಸಾಕಿ ಬಾಗಿಲಲ್ಲಿ ನಿಂತು ಕೂಗಿದ. "ಕೊನೇ ಜಾಗದಿಂದ ಸೀದಾ ಮೂರನೇದಕ್ಕೆ! ಓದುಗರ ಕಾರ್ಡುಗಳಲ್ಲೆಲ್ಲ ನಿಮ್ಮ ಮಗೊರೊಕುದೇ ಮಾತು."

ಚಿತ್ರಕಾರ ಇನುಕಾಯ್ ಕೈಲಿದ್ದ ಲೇಖನಿ ಕೆಳಗಿಡಲಿಲ್ಲ. ಕುಣಿಯುವ ವಯಸ್ಸು ಅವನದಲ್ಲ, ಕುಣಿಯುವಂಥ ಮನೆಯೂ ಅದಲ್ಲ. ಹೆಂಡತಿ ತೊಕಿಯೆ ತೀರಿಕೊಂಡು ತಿಂಗಳಾಗಿರಲಿಲ್ಲ. ಅವಳ ಅಸ್ಥಿಯ ಭರಣಿ ಬಿಳಿ ಬಟ್ಟೆ ಸುತ್ತಿಕೊಂಡು ಇನ್ನೂ ಕಪಾಟಿನ ಮೇಲಿತ್ತು.

ವಾರಪತ್ರಿಕೆಯಲ್ಲಿ ಓದುಗರ ಮತ ಕಡಿಮೆಯಾದ ಚಿತ್ರಕಥೆ ಹಿಂದಿನ ಪುಟಗಳಿಗೆ ಜಾರುತ್ತದೆ; ಆಮೇಲೆ ಜಾರುವುದಕ್ಕೂ ಪುಟ ಇರುವುದಿಲ್ಲ. ಇನುಕಾಯ್ ಬರೆಯುವ ಸಮುರಾಯ್ ಮಗೊರೊಕುವಿಗೆ ಇನ್ನು ಮೂರೇ ಕಂತು ಎಂದು ಹೇಳಿಯಾಗಿತ್ತು. ಸಮುರಾಯ್ ಕಥೆಗಳಿಗೇನು ಬರವೇ? ಎಲ್ಲದರಲ್ಲೂ ಕತ್ತಿ, ರಕ್ತ, ಉರುಳುವ ತಲೆ. ಈ ಮಗೊರೊಕು ಕತ್ತಿಯನ್ನೇ ಎಳೆಯುವುದಿಲ್ಲ. ಯುದ್ಧ ಸಾಕಾಗಿ, ಹೆಂಡತಿಯಿರುವ ಊರಿಗೆ ನಡೆದೇ ಹೊರಟವನು. "ಇವನಲ್ಲಿ ಎದ್ದು ಕಾಣೋಂಥದ್ದು ಏನಿದೆ ಮೇಷ್ಟ್ರೇ?" ಎಂದು ಸಂಪಾದಕ ಶಿಬಾಸಾಕಿ ಮೊದಲಿನಿಂದಲೂ ಗೋಳಾಡುತ್ತಿದ್ದ.

"ಆ ಹುಡುಗನ ಮಾತಿಗೆ ಕಿವಿ ಕೊಡ್ಬೇಡಿ," ಎನ್ನುತ್ತಿದ್ದಳು ತೊಕಿಯೆ. "ಮಗೊರೊಕುನ ಜೀವಂತವಾಗಿ ಮನೆ ಮುಟ್ಟಿಸಿ. ನಂಗಷ್ಟೇ ಸಾಕು." ಆಸ್ಪತ್ರೆಯ ಮಂಚದಲ್ಲೂ ಅದನ್ನೇ ಹೇಳಿದ್ದಳು. ಅವನು ಹೂಂ ಎಂದಿದ್ದ. ಮೂರು ಕಂತು ಅದಕ್ಕೆ ಸಾಕಾಗಿತ್ತು.

ಶಿಬಾಸಾಕಿ ಪತ್ರಿಕೆ ಬಿಡಿಸಿ ಹಿಡಿದ. ಪುಟದ ತುಂಬ ಮಗೊರೊಕು, ಹಿಮದಲ್ಲಿ ಎದುರಿಗೆ ನಡೆದು ಬರುತ್ತಿದ್ದಾನೆ.

"ಇಲ್ನೋಡಿ! ಕಿಮೊನೊದ ಬಲಮಡಿಕೆ ಮೇಲೆ! ನಂಗೂ ಹೇಳ್ದೆ ಇಟ್ಬಿಟ್ರಲ್ಲ, ಕಳ್ಳರು ನೀವು. ಆಸಾಮಿ ಆಗ್ಲೇ ಸತ್ತುಹೋಗಿದಾನೆ, ಅವನಿಗೇ ಗೊತ್ತಿಲ್ಲ! ಅದಕ್ಕೇ ಕತ್ತಿ ಎಳೆಯಲ್ಲ. ಜನ ಹಳೇ ಕಂತೆಲ್ಲ ಹುಡುಕಿ ಹುಡುಕಿ ಓದ್ತಿದಾರೆ."

ಇನುಕಾಯ್ ನೋಡಿದ. ಬದುಕಿರುವವರು ಎದೆಯ ಮುಂದೆ ಕಿಮೊನೊದ ಎಡಮಡಿಕೆ ಮೇಲೆ ಬರುವಂತೆ ಉಡುತ್ತಾರೆ. ಬಲಮಡಿಕೆ ಮೇಲೆ ಬರುವುದು ಹೆಣಕ್ಕೆ. ಮಕ್ಕಳಿಗೂ ಗೊತ್ತಿರುವ ಸಂಗತಿ. ಅವನ ಕೈ ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪಿದ್ದರೂ ತೊಕಿಯೆ ಬಿಡುತ್ತಿರಲಿಲ್ಲ. ಮಸಿ ಆರುವ ಮೊದಲು ಅವಳ ಕಣ್ಣು ಪ್ರತಿ ಪುಟದ ಮೇಲೂ ಹಾಯಬೇಕಿತ್ತು.

ತೀರಿಕೊಂಡ ದಿನ ಅವಳಿಗೆ ಬಿಳಿ ಕಿಮೊನೊ ಉಡಿಸಲು ಬಂದ ಹೆಂಗಸು, "ಕೊನೇ ಮಡಿಕೆ ನೀವೇ ಹಾಕ್ತೀರಾ?" ಎಂದು ಕೇಳಿದ್ದಳು. ಅವನ ಕೈ ರೂಢಿಯಂತೆ ಎಡಮಡಿಕೆಯನ್ನೇ ಮೇಲೆ ತಂದಿತು. ಹೆಂಗಸು ಮೆಲ್ಲಗೆ ಮಣಿಕಟ್ಟು ಹಿಡಿದು, "ಹಾಗಲ್ಲ, ಹೀಗೆ," ಎಂದಳು. ಬಿಚ್ಚಿ ಮತ್ತೆ ಹಾಕಿದ್ದ. ಬಟ್ಟೆಯ ಸುಕ್ಕು ಹೋಗಲೆಂದು ಅಂಗೈಯಿಂದ ಸವರಿದ್ದ. ಕೆಳಗಿನ ಎದೆ ತಣ್ಣಗಿತ್ತು. ಸಂಸ್ಕಾರ ಮುಗಿದ ಮಾರನೆಯ ದಿನವೇ ಪುಟ ಒಪ್ಪಿಸಬೇಕಿತ್ತು. ಕೂತು ಬರೆದಿದ್ದ. ಕೈ ತಾನು ಕೊನೆಗೆ ಕಲಿತದ್ದನ್ನೇ ಬರೆದಿತ್ತು.

"ಅದು ತಪ್ಪಾಗಿದ್ದಪ್ಪ," ಎಂದ ಇನುಕಾಯ್. "ಕ್ಷಮಿಸಿ ಅಂತ ಒಂದು ಸಾಲು ಹಾಕ್ಬಿಡು. ಮೂರು ಕಂತಲ್ಲಿ ಮನೆ ಸೇರ್ತಾನೆ. ಮುಗೀತು."

ಶಿಬಾಸಾಕಿಯ ಕಣ್ಣು ಬಿಳಿ ಭರಣಿಯ ಕಡೆ ಹೋಯಿತು. ಅವನಿಗೆ ಅರ್ಥವಾಯಿತು. ಪತ್ರಿಕೆ ಮಡಿಚಿ ಪಕ್ಕಕ್ಕಿಟ್ಟ. ಕೆಟ್ಟವನಲ್ಲ, ಆದರೆ ಅವನಿಗೂ ಮೇಲಿನವರಿದ್ದರು.

"ಮೇಷ್ಟ್ರೇ, ನಾನೇನು ಕಟುಕನಲ್ಲ. ಆದ್ರೆ ತಪ್ಪು ಅಂತ ಹಾಕಿದ್ರೆ ನಮ್ಮೋರು ಈ ವಾರಾನೇ ಕತ್ತರಿ ಹಾಕ್ತಾರೆ. ಆ ಪುಟಕ್ಕೆ ಬೇರೆ ಕಥೆ ಬಾಯ್ಬಿಟ್ಕೊಂಡು ಕೂತಿದೆ. ನಿಮ್ಮೋನು ದಾರೀಲೇ ನಿಲ್ತಾನೆ. ಸತ್ತೋನು ಅಂತಾದ್ರೆ ಮನೆಗಂತೂ ಹೋಗ್ಬಹುದು."

"ಸತ್ತೋನು ಹೋಗಿ ಏನ್ಮಾಡ್ತಾನೋ?"

"ಮುಟ್ತಾನಲ್ಲ, ಮೇಷ್ಟ್ರೇ."

ತೊಕಿಯೆ ಕೇಳಿದ್ದು ಎರಡೇ ಎರಡು. ಜೀವ ಉಳಿಸಿದರೆ ಮನೆಯಿಲ್ಲ, ಮನೆ ಮುಟ್ಟಿಸಿದರೆ ಜೀವವಿಲ್ಲ. ಅವಳಿದ್ದಿದ್ದರೆ ಇಬ್ಬರನ್ನೂ ಬೈದು ಯಾವುದಾದರೂ ದಾರಿ ತೋರಿಸುತ್ತಿದ್ದಳು. ಇನುಕಾಯ್‌ಗೆ ಅಳು ಬಂತು, ಆದರೆ ಹುಡುಗನ ಎದುರು ಅಳಲಿಲ್ಲ.

"ಸಂಜೆ ಬಂದು ಪುಟ ತಗೊಂಡು ಹೋಗು," ಎಂದ.

ಮಧ್ಯಾಹ್ನವೆಲ್ಲ ಕೂತು ಬರೆದ. ಹಿಮದ ಊರು, ಹುಲ್ಲಿನ ಮಾಡು, ಅರ್ಧ ತೆರೆದ ಬಾಗಿಲು. ಹೊಸ್ತಿಲಲ್ಲಿ ಮಗೊರೊಕು. ಈ ಸಲ ಅವನ ಬಲಮಡಿಕೆಯನ್ನು ತಿಳಿದೇ ಮೇಲೆ ತಂದ. ಒಳಗೆ ಒಲೆಯ ಮುಂದೆ ಹೆಂಡತಿ. ಇಷ್ಟು ದಿನ ಅವಳ ಮುಖವನ್ನು ಎಲ್ಲೂ ತೋರಿಸಿರಲಿಲ್ಲ; ಈಗ ಬರೆಯಲು ಹೋದರೆ ತೊಕಿಯೆಯ ಮುಖವೇ ಬಂತು. ತಡೆಯಲಿಲ್ಲ. ಮಗೊರೊಕು ಅವಳ ಹೆಸರು ಹಿಡಿದು ಕರೆದ.

ಕೊನೆಯ ಚೌಕದಲ್ಲಿ ಅವಳು ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಯಾರೂ ಇಲ್ಲ, ಚಳಿಗಾಳಿ ನುಗ್ಗುತ್ತಿದೆ ಎಂದುಕೊಂಡು ಎದ್ದು ಬಂದು, ಅವನ ಮುಖದೆದುರೇ ಬಾಗಿಲು ಎಳೆದುಕೊಂಡಳು.