ಮತ್ತು ಇತರೆ ಕೂಲಿಗಳು

ಬುರುಡೆ ಉಳಿ ಎತ್ತಿದರೆ ಸಾಕು, ಬಂಡೆಯೇ ಮೈಯೊಡ್ಡಿ, "ಎಲ್ಲಿ ಕೆತ್ತಿಸಿಕೊಳ್ಳಲಿ, ಸ್ವಾಮಿ?" ಎಂದು ಕೇಳುತ್ತಿತ್ತು. ಅವನು ಕೆಮ್ಮಿದರೆ ಪಕ್ಕದ ಗುಡ್ಡ ಬೆಚ್ಚಿ ಒಂದು ಮಾರು ಹಿಂದೆ ಸರಿಯುತ್ತಿತ್ತು. ಹೀಗೆಂದು ಸಾರುತ್ತಿದ್ದವನೂ ಅವನೇ. ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

"ಬೊಗಳಿದ್ದು ಸಾಕು, ಹಗ್ಗದಾಚೆ ನಿಲ್ರೋ! ಮಂತ್ರಿಗಳ ಕಣ್ಣಿಗೆ ಈ ದರಿದ್ರ ಮುಖಗಳು ಬೀಳ್ಬಾರ್ದು," ಮೇಸ್ತ್ರಿ ಗದರಿದ.

ಸೇತುವೆ ಕುಸಿದು ರೈಲು ಹೊಳೆಗೆ ಬಿದ್ದಾಗ ದೇಶವೇ ಅತ್ತಿತ್ತು. ಸತ್ತ ಪ್ರಯಾಣಿಕರ ಹೆಸರುಗಳನ್ನೆಲ್ಲ ಕರಿಕಲ್ಲಿನ ಗೋಡೆಗೆ ಕೆತ್ತಿದವನು ಬುರುಡೆ. ಸೇತುವೆಯ ಬುಡದಲ್ಲಿ ದುರಸ್ತಿಗೆ ನಿಂತಿದ್ದ ಅವನ ಅಣ್ಣನೂ ಅಂದೇ ಸತ್ತಿದ್ದ. ಮಂತ್ರಿಗಳು ಇಂದು ಅನಾವರಣ ಮಾಡಬೇಕಿದ್ದ ಆ ಸ್ಮಾರಕದ ಗೋಡೆಯ ಮೇಲಿನ್ನೂ ಪರದೆಯಿತ್ತು.

"ನಿಮ್ಮಣ್ಣನ ಹೆಸರು ಎಲ್ಲಿದೆಯೋ?" ಅತ್ತಿಗೆ ಕೇಳಿದಳು. ಅದೊಂದನ್ನು ಓದಲೆಂದೇ ಅಕ್ಷರ ಕಲಿತು ಬಂದಿದ್ದಳು.

"ನಟ್ಟನಡುವೆ, ಅತ್ತಿಗೆ! ಒಂದೊಂದಕ್ಷರ ಎಮ್ಮೆಗಾತ್ರ. ಮಂತ್ರಿ ಏಣಿ ಹತ್ತಿ ಓದ್ಬೇಕು."

"ಅಷ್ಟೆಲ್ಲ ಬೇಡ ಕಣೋ. ಬದುಕಿದ್ದಾಗ್ಲೂ ಮೂಲೇಲೇ ಕೂರ್ತಿದ್ದ ಮನುಷ್ಯ. ನನ್ನ ಬೆರಳು ಆಡೋಷ್ಟಿದ್ರೆ ಸಾಕು."



ಪರದೆ ಸರಿಯಿತು. ಕನ್ನಡಿಯಂತೆ ಹೊಳೆಯುವ ಗೋಡೆಯ ತುದಿಯಲ್ಲಿ ಮೊರದಗಲದ ಒರಟು ಕುಳಿ. ಮಂತ್ರಿಗಳು ಹುಬ್ಬು ಗಂಟಿಕ್ಕಿದರು. ಗೋಡೆ ಕಟ್ಟಿಸಿದ ಸಾಹೇಬರು ಹಗ್ಗದ ಬಳಿ ಓಡಿಬಂದು ಹಲ್ಲು ಕಡಿದರು: "'ಮತ್ತು ಇತರೆ ಕೂಲಿಗಳು' ಅಂತ ಇತ್ತಲ್ರೋ! ಯಾವ ಬೋಳಿಮಗ ಅದನ್ನ ಕಿತ್ತಿದ್ದು?"

"ನಾನು," ಎಂದ ಬುರುಡೆ.

ಮೇಸ್ತ್ರಿ ಗೊಳ್ಳೆಂದು ನಕ್ಕ. "ಸಾರ್, ಸೂರ್ಯನ್ನ ಹಚ್ಚಿಟ್ಟಿದ್ದೂ ನಾನೇ ಅಂತಾನೆ ಇವ್ನು. ಕಲ್ಲು ಸಾಗಿಸುವಾಗ ಚಕ್ಕೆ ಎದ್ದಿರ್ಬೇಕು."

ಕೂಲಿಗಳೂ ನಕ್ಕರು. ಸಾಹೇಬರಿಗೂ ಆ ಮಾತೇ ಅನುಕೂಲ. ಬುರುಡೆ ತಾನೂ ನಕ್ಕಿದ್ದರೆ ಕೆಲಸ ಉಳಿಯುತ್ತಿತ್ತು.

ಅತ್ತಿಗೆ ಮಾತ್ರ ಹಗ್ಗದಡಿ ನುಸುಳಿ ಗೋಡೆಯತ್ತ ನಡೆದಿದ್ದಳು. ನಡುವೆ ಹುಡುಕಿದಳು, ಅಂಚಿನಲ್ಲಿ ಹುಡುಕಿದಳು. ಕೊನೆಗೆ ಆ ಕುಳಿಯೊಳಗೆ ಬೆರಳಾಡಿಸುತ್ತ ತಿರುಗಿದಳು. "ಎಲ್ಲೋ ಅವ್ರು?"

"ಇಲ್ಲ ಅತ್ತಿಗೆ. ಎಮ್ಮೆಗಾತ್ರಾನೂ ಇಲ್ಲ, ಇರುವೆಗಾತ್ರಾನೂ ಇಲ್ಲ. ಅಣ್ಣನ ಹೆಸರು ಹಾಕ್ಸಿ ಅಂತ ಕೇಳೋಕೆ ಹೋದೆ, ಸಾಹೇಬ್ರ ಮುಂದೆ ಬಾಯೇ ಬರ್ಲಿಲ್ಲ. 'ಇತರೆ' ಅಂತ ಕೆತ್ತು ಅಂದ್ರು, ಕೆತ್ತಿದೆ. ಆಮೇಲೆ ಅದನ್ನ ಉಜ್ಜಿ ಹೊಳಪು ಮಾಡೋವಾಗ ಹೊಟ್ಟೆ ಉರೀತು. ಕಿತ್ತು ಹಾಕೋಕೆ ಧೈರ್ಯ ಬಂತು, ಹೆಸರು ಕೆತ್ತೋಕೆ ಬರ್ಲಿಲ್ಲ."

ಸಾಹೇಬರ ಕಡೆ ತಿರುಗಿದ.

"ಚಕ್ಕೆ ಎದ್ದಿದ್ದಲ್ಲ ಸಾರ್. ನಾನೇ. ಕಲ್ಲೇನೂ ಸುಲಭಕ್ಕೆ ಮೈಯೊಡ್ಲಿಲ್ಲ, ಪರದೆ ಹಿಂದೆ ಇಡೀ ದಿನ ಒದ್ದಾಡಿದೆ."