ಅಪ್ಪನ ಎತ್ತರದ ಊರುಗೋಲು

ಬಡಗಿ ಬೆಳಿಗ್ಗೆಯಿಂದ ಒಂದು ಕುರ್ಚಿಯ ಕಾಲನ್ನು ಉಜ್ಜುತ್ತ ಕೂತಿದ್ದ. ಕೂರುವವರ ಮೊಣಕಾಲಿನ ಎತ್ತರ ಅಳೆಯದೆ ಅವನು ಕುರ್ಚಿ ಮಾಡಿದವನಲ್ಲ. ಅಳತೆ ಕೊಡದ ಗಿರಾಕಿಯನ್ನು ಬೈದು ಕಳಿಸುವಷ್ಟು ಹಟಮಾರಿ. ಒಳಗಿನಿಂದ ತಾಯಿ ಊರುಗೋಲು ಟಕ್ ಟಕ್ ಎನ್ನಿಸುತ್ತ ಬಂದಳು. ಅದು ತೀರಿಕೊಂಡ ಗಂಡನದು. ಅವನು ಆರಡಿ ಆಳು, ಇವಳು ಅವನ ಎದೆಮಟ್ಟ. ಕೋಲು ಊರಿದಾಗಲೆಲ್ಲ ಅವಳ ಬಲಭುಜ ಕಿವಿಯ ಹತ್ತಿರಕ್ಕೆ ಏರುತ್ತಿತ್ತು.

"ರೀ, ಆಸ್ಪತ್ರೆ ನರ್ಸ್ ಹೇಳಿ ತಿಂಗಳಾಯ್ತು," ಎಂದಳು ಹೆಂಡತಿ. "ಕೋಲನ್ನ ಒಂದು ಗೇಣು ಕತ್ತರಿಸಿ, ಬುಡಕ್ಕೊಂದು ರಬ್ಬರ್ ಹಾಕಿ. ಅತ್ತೆ ಜಾರಿ ಬಿದ್ರೆ ಏನು ಗತಿ?"

"ಅಪ್ಪನ ಕೋಲಿಗೆ ಗರಗಸ ಹಾಕು ಅಂತೀಯಲ್ಲ! ಅವರೇ ಕೈಯಾರೆ ಕೆತ್ತಿದ್ದು. ಅವರದ್ದು ಅಂತ ಮನೇಲಿ ಉಳಿದಿರೋದು ಅದೊಂದೇ."

"ಹಾಗಾದ್ರೆ ಅದನ್ನ ಗೋಡೆಗೆ ನೇತುಹಾಕಿ. ಅತ್ತೆಗೆ ಬೇರೆ ಮಾಡಿಕೊಡಿ."

"ಅಮ್ಮನಿಗೆ ಅದೇ ಇಷ್ಟ. ಅಲ್ವಾ ಅಮ್ಮ?"

ತಾಯಿ ಒಮ್ಮೆ ಸೊಸೆಯ ಮುಖ ನೋಡಿದಳು, ಒಮ್ಮೆ ಮಗನದು. "ಹೂಂ, ಹೇಗೋ ಸುಧಾರಿಸ್ತೀನಪ್ಪ. ನಿಮ್ಮಿಬ್ಬರ ಜಗಳ ನನಗೆ ಬೇಡ."

ಸುಧಾರಿಸಿದ್ದು ಹನ್ನೊಂದು ದಿನ. ಬಚ್ಚಲಿನ ಹೊಸ್ತಿಲಲ್ಲಿ ಕೋಲಿನ ಬುಡ ಜಾರಿ ತಾಯಿ ಬಿದ್ದಳು, ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಸೋಂಕು ತಗುಲಿತು, ಮತ್ತೊಂದು ಆಪರೇಷನ್ ಆಯಿತು. ಇನ್ನು ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಎಂದುಬಿಟ್ಟರು ಡಾಕ್ಟರು. ಬಡಗಿ ಕಿಟಕಿಯ ಪಕ್ಕ ತಾಯಿಗೊಂದು ಹೊಸ ಮಂಚ ಮಾಡಿ ಹಾಕಿದ. ಅದನ್ನು ಮಾತ್ರ ಅಮ್ಮನ ಅಳತೆ ತೆಗೆದೇ ಮಾಡಿದ್ದ.

ಒಂದು ಸಂಜೆ ಎದುರುಮನೆಯ ಟೈಲರಜ್ಜಿ ತಾಯಿಯನ್ನು ನೋಡಲು ಬಂದಳು. ಅವಳ ಕೈಯಲ್ಲೂ ಯಾರೋ ಕೊಟ್ಟ ಕೋಲು, ಅವಳ ಭುಜವೂ ಕಿವಿಯ ಹತ್ತಿರ. ಬಡಗಿ ಟೇಪು ಹಿಡಿದು ಅವಳ ಮುಂದೆ ಮಂಡಿಯೂರಿದ.

"ನೆಟ್ಟಗೆ ನಿಂತ್ಕೊಳ್ಳಿ ಅಜ್ಜಿ. ಕೈ ಸಡಿಲ ಬಿಡಿ. ಕೋಲಿನ ಹಿಡಿ ನಿಮ್ಮ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು."

"ಅಯ್ಯೋ, ಜೀವಮಾನವಿಡೀ ಊರವರ ಅಳತೆ ತೆಗೆದವಳು ನಾನು. ನನ್ನ ಅಳತೆ ಕೇಳಿದವನು ನೀನೊಬ್ಬನೇ ಕಣೋ!" ಎಂದು ಅಜ್ಜಿ ನಕ್ಕಳು.

ಟೇಪು ನೆಲ ಮುಟ್ಟುವಷ್ಟರಲ್ಲಿ ಮಂಚದಿಂದ ತಾಯಿಯ ದನಿ ಬಂತು.

"ಚಪ್ಪಲಿ ಹಾಕಿಸಿ ಅಳೆಯೋ. ಬರಿಗಾಲಲ್ಲಿ ಅಳೆದ್ರೆ ಗಿಡ್ಡ ಆಗುತ್ತೆ. ಆವತ್ತು ನರ್ಸ್ ಹೇಳಿದ್ದಳು."

ಬಡಗಿಯ ಕೈ ನಿಂತಿತು. ಅಮ್ಮನಿಗೆ ಎಲ್ಲ ನೆನಪಿತ್ತು.

"ಮತ್ತೆ ಆ ಕೋಲು ಬೇಡ ಅಂತ ನನ್ನ ಹತ್ರ ಯಾಕಮ್ಮ ಹೇಳಲಿಲ್ಲ?"

"ಇಷ್ಟಾನಾ ಅಂತ ಕೇಳಿದೆ ನೀನು. ನೋವಾಗುತ್ತಾ ಅಂತ ಕೇಳಲಿಲ್ಲವಲ್ಲಪ್ಪ."

ತಾಯಿ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಬಡಗಿ ಎದ್ದು ಹೋಗಿ ಬಾಗಿಲ ಬಳಿಯಿಂದ ಅಜ್ಜಿಯ ಚಪ್ಪಲಿ ತಂದ. ತಾನೇ ಅವಳ ಪಾದಕ್ಕೆ ತೊಡಿಸಿ, ಅಳತೆಯನ್ನು ಮೊದಲಿನಿಂದ ತೆಗೆದ.